‘ನಾನು ನೋಡಿಕೊಳ್ಳುತ್ತೇನೆ’: ತರಬೇತಿ ರೆಸ್ಟೋರೆಂಟಿನ ಒಂದು ಸಂಜೆಯ ಪ್ರಕರಣ ಅಧ್ಯಯನ

ಆತಿಥ್ಯ ನಿರ್ವಹಣೆಯನ್ನು ಕಲಿಸುವ ಸಂಸ್ಥೆಗಳಲ್ಲಿ ತರಬೇತಿ ರೆಸ್ಟೋರೆಂಟ್ ಎಂಬುದು ಪ್ರಯೋಗಶಾಲೆಯೂ ಹೌದು, ಪರೀಕ್ಷೆಯ ಕೊಠಡಿಯೂ ಹೌದು. ಅಲ್ಲಿಗೆ ಬರುವ ಅತಿಥಿಗಳು ನಿಜವಾದವರು, ಅವರ ಹಸಿವೂ ನಿಜವಾದದ್ದು. ಅಡುಗೆ ಮಾಡುವವರು, ಬಡಿಸುವವರು, ಲೆಕ್ಕ ಬರೆಯುವವರು ಮಾತ್ರ ಇನ್ನೂ ಕಲಿಯುತ್ತಿರುವವರು. ಇಂಥ ರೆಸ್ಟೋರೆಂಟಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳ ತಂಡವೊಂದು ನಡೆಸಿದ ಔತಣದ ಸಂಜೆಯನ್ನೂ, ಅದರ ಬಳಿಕ ಅದೇ ತಂಡ ತನ್ನ ಕೆಲಸದ ರೀತಿಯನ್ನು ತಿದ್ದಿಕೊಂಡ ಬಗೆಯನ್ನೂ ಈ ಅಧ್ಯಯನ ವಿವರಿಸುತ್ತದೆ. ಇದು ಯಾವುದೋ ಒಂದು ಸಂಸ್ಥೆಯ ದಾಖಲೆಯಲ್ಲ, ಬೋಧನೆಗಾಗಿ ಹೆಣೆದ ಪ್ರಕರಣ; ಆದುದರಿಂದ ವ್ಯಕ್ತಿಗಳನ್ನು ಅವರವರ ಹೊಣೆಯ ಹೆಸರಿನಿಂದಲೇ ಗುರುತಿಸಲಾಗಿದೆ. ಇಂಥ ಸಂಜೆಯೊಂದನ್ನು ನಡೆಸಿ ನೋಡಿದವರಿಗೆ ಇಲ್ಲಿನ ಯಾವ ಘಟನೆಯೂ ಅಪರಿಚಿತ ಎನಿಸಲಾರದು.

ತಂಡ ಮತ್ತು ಅದರ ಹೊಣೆ

ತಂಡದಲ್ಲಿ ಒಟ್ಟು 22 ವಿದ್ಯಾರ್ಥಿಗಳಿದ್ದರು. ಅಡುಗೆಮನೆಯಲ್ಲಿ ಎಂಟು, ಬಡಿಸುವ ವಿಭಾಗದಲ್ಲಿ ಎಂಟು, ಪಾತ್ರೆ ತೊಳೆಯುವ ವಿಭಾಗದಲ್ಲಿ ಇಬ್ಬರು, ಕಾಯ್ದಿರಿಸುವಿಕೆ ಮತ್ತು ಬಿಲ್ಲಿನ ಮೇಜಿನಲ್ಲಿ ಇಬ್ಬರು, ಉಗ್ರಾಣಕ್ಕೆ ಒಬ್ಬರು ಮತ್ತು ಎಲ್ಲರ ಮೇಲೆ ಒಬ್ಬ ಸಂಯೋಜಕಿ. ಅವಧಿಯೊಂದರಲ್ಲಿ ಮೂರು ಔತಣಗಳನ್ನು ತಂಡವೇ ಯೋಜಿಸಿ ನಡೆಸಬೇಕಿತ್ತು, ಮತ್ತು ಪ್ರತಿ ಔತಣಕ್ಕೂ ಇಡೀ ತಂಡಕ್ಕೆ ಒಂದೇ ಅಂಕ ಸಿಗುತ್ತಿತ್ತು. ಸಂಯೋಜಕಿಯನ್ನು ಬೋಧಕರೇ ಆರಿಸಿದ್ದರು. ಹಿಂದಿನ ವರ್ಷಗಳ ಅಂಕಪಟ್ಟಿಯಲ್ಲಿ ಆಕೆ ಮೊದಲಿಗಳು ಎಂಬುದೇ ಆಯ್ಕೆಗೆ ಕಾರಣವಾಗಿತ್ತು. ಈ ಕಾರಣ ಎಷ್ಟು ಸಾಕು, ಎಷ್ಟು ಸಾಲದು ಎಂಬುದನ್ನು ಆಗ ಯಾರೂ ಚರ್ಚಿಸಲಿಲ್ಲ.

ಮೊದಲ ಔತಣಕ್ಕೆ 56 ಅತಿಥಿಗಳು ಹೆಸರು ಕಾಯ್ದಿರಿಸಿದ್ದರು. ಏಳು ಗಂಟೆಗೆ 20, ಏಳೂವರೆಗೆ 20, ಎಂಟಕ್ಕೆ 16 ಮಂದಿಯನ್ನು ಕೂರಿಸಿ, ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಕೊನೆಯ ಮೇಜನ್ನು ಬೀಳ್ಕೊಡುವುದು ಯೋಜನೆ. ಈ ಅರ್ಧ ಗಂಟೆಯ ಅಂತರದ ಮೇಲೆಯೇ ಉಳಿದೆಲ್ಲವೂ ನಿಂತಿತ್ತು: ಒಲೆಗಳ ಹಂಚಿಕೆ, ತಟ್ಟೆಗಳ ಎಣಿಕೆ, ಬಡಿಸುವವರ ಓಡಾಟ.

ಸಿದ್ಧತೆಯ ವಾರಗಳು

ಮೂರು ವಾರಗಳ ಸಿದ್ಧತೆಯಲ್ಲಿ ತಂಡ ನಾಲ್ಕು ಬಾರಿ ಸೇರಿತು. ನಾಲ್ಕೂ ಸಭೆಗಳು ಹೊರನೋಟಕ್ಕೆ ಅಚ್ಚುಕಟ್ಟಾಗಿ ಮುಗಿದವು. ಯಾವ ವಿಷಯ ಎದ್ದರೂ ಸಂಯೋಜಕಿ ತನ್ನ ಟಿಪ್ಪಣಿ ಪುಸ್ತಕ ತೆರೆದು ಅದನ್ನು ಬರೆದುಕೊಂಡು, ‘ಅದನ್ನು ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತಿದ್ದಳು. ಸೂಪಿನ ಬಟ್ಟಲುಗಳು ಇರುವುದು 36 ಮಾತ್ರ, ಅತಿಥಿಗಳು ಸರದಿಯಂತೆ ಬಂದರೆ ಸಾಕಾಗುತ್ತವೆ, ಒಟ್ಟಿಗೆ ಬಂದರೆ ಸಾಲುವುದಿಲ್ಲ ಎಂದು ಬಡಿಸುವ ವಿಭಾಗದ ಮುಖ್ಯಸ್ಥೆ ಎರಡನೇ ಸಭೆಯಲ್ಲೇ ಹೇಳಿದಳು. ಅದಕ್ಕೂ ಅದೇ ಉತ್ತರ ದೊರೆಯಿತು. ಆರ್ಡರ್ ಚೀಟಿಗಳು ಅಡುಗೆಮನೆಗೆ ಯಾರ ಕೈ ದಾಟಿ ಹೋಗಬೇಕು ಎಂದು ಅಡುಗೆಮನೆಯ ಮುಖ್ಯಸ್ಥ ಕೇಳಿದಾಗಲೂ ಅದೇ ಉತ್ತರ.

ಈ ಮಾತಿನಲ್ಲಿ ಅಹಂಕಾರವಿತ್ತು ಎಂದು ನಂತರ ಕೆಲವರು ದೂರಿದರು. ಸಂಯೋಜಕಿಯ ಟಿಪ್ಪಣಿ ಪುಸ್ತಕವನ್ನು ಓದಿದರೆ ಹಾಗೆನಿಸುವುದಿಲ್ಲ. ಅದರಲ್ಲಿ 31 ಕೆಲಸಗಳ ಪಟ್ಟಿಯಿತ್ತು. 27ರ ಮುಂದೆ ಅವಳದೇ ಹೆಸರಿತ್ತು. ಇತರರಿಗೆ ಹೊರೆಯಾಗಬಾರದು, ಪರೀಕ್ಷೆಗಳು ಹತ್ತಿರದಲ್ಲಿವೆ, ಒಬ್ಬರ ಕೈಯಲ್ಲಿದ್ದರೆ ತಪ್ಪು ಕಡಿಮೆ ಎಂಬ ಸದುದ್ದೇಶವೇ ಅಲ್ಲಿ ಕೆಲಸ ಮಾಡಿತ್ತು. ಚೆನ್ನಾಗಿ ಓದುವ ವಿದ್ಯಾರ್ಥಿಗಳಿಗೆ ಇದು ಒಗ್ಗಿಹೋದ ರೀತಿ: ತಮ್ಮ ಉತ್ತರಪತ್ರಿಕೆಯನ್ನು ತಾವೇ ಬರೆದು ತಾವೇ ಪರಿಶೀಲಿಸಿ ಅಭ್ಯಾಸವಾದವರಿಗೆ, ತನ್ನ ಹೆಸರಿನಲ್ಲಿ ನಡೆಯುವ ಕೆಲಸವನ್ನು ಮತ್ತೊಬ್ಬರ ಕೈಗೆ ಕೊಟ್ಟು ಸುಮ್ಮನಿರುವುದು ಸುಲಭವಲ್ಲ. ತಂಡದವರಿಗೂ ಈ ಏರ್ಪಾಡು ಹಿತವಾಗಿಯೇ ಇತ್ತು ಎಂಬುದನ್ನು ಮರೆಯಬಾರದು. ನಾಲ್ಕು ಸಭೆಗಳಲ್ಲಿ ಒಂದರಲ್ಲೂ ಯಾರೂ ‘ಬೇಡ, ಇದು ನನ್ನ ಕೆಲಸ’ ಎಂದು ಕೇಳಿ ಪಡೆದುಕೊಳ್ಳಲಿಲ್ಲ.

ಔತಣದ ಸಂಜೆ

ಸಂಜೆ 5:40ಕ್ಕೆ ಕಾಯ್ದಿರಿಸುವಿಕೆಯ ಮೇಜಿಗೆ ದೂರವಾಣಿ ಕರೆ ಬಂದಿತು. ಒಂಬತ್ತನೇ ಮೇಜಿಗೆ ಬರಲಿರುವ ನಾಲ್ವರಲ್ಲಿ ಒಬ್ಬರಿಗೆ ಬಾದಾಮಿ ಜಾತಿಯ ಬೀಜಗಳ ಅಲರ್ಜಿ ಇದೆ ಎಂಬುದು ಸಂದೇಶ. ಕರೆ ತೆಗೆದುಕೊಂಡ ವಿದ್ಯಾರ್ಥಿ ಅದನ್ನು ಕಾಯ್ದಿರಿಸುವಿಕೆಯ ಪುಸ್ತಕದ ‘ವಿಶೇಷ ಸೂಚನೆ’ ಎಂಬ ಕಲಮಿನಲ್ಲಿ ಬರೆದ. ಹಾದುಹೋಗುತ್ತಿದ್ದ ಸಂಯೋಜಕಿಗೂ ಹೇಳಿದ. ಮೇಜುಗಳ ಸಂಖ್ಯಾಫಲಕಗಳನ್ನು ಹೊಂದಿಸುತ್ತಿದ್ದ ಆಕೆ ‘ಸರಿ, ನಾನು ನೋಡಿಕೊಳ್ಳುತ್ತೇನೆ’ ಎಂದಳು. ಆ ಪುಸ್ತಕ ಮುಂಬಾಗಿಲಿನ ಮೇಜಿನಲ್ಲೇ ಉಳಿಯಿತು. ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿಯಲ್ಲಿ ಅಂಥ ಕಲಮೇ ಇರಲಿಲ್ಲ. ಸೇವೆ ಆರಂಭವಾಗುವ ಮುನ್ನ ನಡೆಯಬೇಕಾಗಿದ್ದ ಹತ್ತು ನಿಮಿಷದ ಬ್ರೀಫಿಂಗ್, ಬಾಗಿಲಲ್ಲಿ ಆಗಲೇ ಅತಿಥಿಗಳು ನಿಂತಿದ್ದರಿಂದ, ಎರಡೇ ನಿಮಿಷಗಳಲ್ಲಿ ಮುಗಿಯಿತು.

ಏಳೂವರೆಗೆ ಬರಬೇಕಾದವರಲ್ಲಿ ಬಹುಪಾಲು ಜನ ಏಳೂಕಾಲಿಗೇ ಬಂದರು. ಬಾಗಿಲಲ್ಲಿ ಜನ ನಿಂತಿರುವುದು ಚೆನ್ನಾಗಿ ಕಾಣದು ಎಂದು ಸಂಯೋಜಕಿ ಎಲ್ಲರನ್ನೂ ಒಳಗೆ ಕರೆದು ಕೂರಿಸಿದಳು. ಹೀಗೆ 20 ನಿಮಿಷಗಳೊಳಗೆ 38 ಮಂದಿ ಮೇಜುಗಳ ಮುಂದೆ ಕುಳಿತಿದ್ದರು. ಕಾಯ್ದಿರಿಸುವಿಕೆಯ ವಿದ್ಯಾರ್ಥಿಗೆ ಇದು ಸರಿಯಲ್ಲ ಎನಿಸಿತ್ತು. ‘ತಡೆಯಲು ನನಗೇನು ಅಧಿಕಾರವಿತ್ತು?’ ಎಂದು ಅವನು ಮರುದಿನ ಕೇಳಿದ.

ಅಲ್ಲಿಂದ ಮುಂದೆ ಒಂದು ತೊಡಕು ಇನ್ನೊಂದನ್ನು ಎಳೆದುಕೊಂಡು ಬಂತು. ಸೂಪಿನ ಆರ್ಡರ್‌ಗಳು ಒಮ್ಮೆಗೇ ಒಳನುಗ್ಗಿದವು, ಬಟ್ಟಲುಗಳು ಮುಗಿದವು. ಪಾತ್ರೆ ವಿಭಾಗದ ಇಬ್ಬರಿಗೆ ಇದು ಕಾಲು ಗಂಟೆ ಮೊದಲೇ ಗೊತ್ತಿತ್ತು, ಏಕೆಂದರೆ ಕಪಾಟು ಖಾಲಿಯಾಗುವುದನ್ನು ನೋಡುತ್ತ ನಿಂತವರು ಅವರೇ. ಆದರೆ ಅದನ್ನು ಯಾರಿಗೆ ಹೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ. ಪಾಸ್‌ನಲ್ಲಿ, ಎಂದರೆ ಅಡುಗೆಮನೆಯಿಂದ ತಟ್ಟೆಗಳು ಹೊರಗೆ ದಾಟುವ ಕಟ್ಟೆಯ ಬಳಿ, ಚೀಟಿಗಳನ್ನು ಓದಿ ಹೇಳುವವರು ನಿಗದಿಯಾಗಿರಲಿಲ್ಲ. ಬಡಿಸುವವರಲ್ಲಿ ಕೆಲವರು ತಮಗೆ ಪರಿಚಯವಿದ್ದ ಅಡುಗೆಯವರನ್ನೇ ನೇರವಾಗಿ ಕರೆದು ತಮ್ಮ ಮೇಜಿನ ತಟ್ಟೆಯನ್ನು ಮೊದಲು ಕೇಳಿದರು. ಸರದಿ ತಪ್ಪಿತು. ಮೂರು ಮೇಜುಗಳಿಗೆ ಸೂಪಿಗಿಂತ ಮೊದಲೇ ಮುಖ್ಯ ಊಟ ಹೋಯಿತು. ಅಡುಗೆಮನೆಯ ಮುಖ್ಯಸ್ಥ ಕೂಗತೊಡಗಿದ. ಆರು ಮಂದಿ ಬಡಿಸುವವರು ಕಟ್ಟೆಯ ಮುಂದೆ ಕೈಕಟ್ಟಿ ನಿಂತರು. ಉಳಿದಿಬ್ಬರು ಬಟ್ಟೆ ಬದಲಿಸುವ ಕೋಣೆಗೆ ಹೋದವರು ಇಪ್ಪತ್ತೈದು ನಿಮಿಷ ಹೊರಗೆ ಬರಲಿಲ್ಲ.

ಈ ನಡುವೆ ಅಡುಗೆಮನೆಯ ಮೂಲೆಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಬೇಯಿಸಿದ ಆಹಾರವನ್ನು ಬಡಿಸುವವರೆಗೂ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಆಹಾರ ಸುರಕ್ಷತಾ ಸೂತ್ರಗಳಲ್ಲಿ ಒಂದು. ಇದನ್ನು ಈ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿತಿರುತ್ತಾರೆ. ತಾಪಮಾನ ದಾಖಲಿಸುವ ಹೊಣೆಯಿದ್ದ, ಹೆಚ್ಚು ಮಾತನಾಡದ ವಿದ್ಯಾರ್ಥಿನಿಯೊಬ್ಬಳು ಒಂದು ಪಾತ್ರೆಯಲ್ಲಿ ತಾಪ 52ಕ್ಕೆ ಇಳಿದಿರುವುದನ್ನು ಕಂಡಳು. ದಾಖಲೆ ಹಾಳೆಯಲ್ಲಿ 52 ಎಂದು ಸ್ಪಷ್ಟವಾಗಿ ಬರೆದಳು. ಆ ಬಳಿಕ ಏನು ಮಾಡಬೇಕೆಂದು ಹಾಳೆಯಲ್ಲಿ ಇರಲಿಲ್ಲ. ಕೂಗಾಟದ ನಡುವೆ ಅವಳು ಅದನ್ನು ಬಾಯಿಬಿಟ್ಟು ಹೇಳಲೂ ಇಲ್ಲ. ಹತ್ತು ನಿಮಿಷದ ನಂತರ ಬೋಧಕರೇ ಹಾಳೆಯನ್ನು ನೋಡಿ ಆ ಪಾತ್ರೆಯನ್ನು ಪಕ್ಕಕ್ಕೆ ತೆಗೆಸಿದರು.

8:05ಕ್ಕೆ ಒಂಬತ್ತನೇ ಮೇಜಿಗೆ ಸಿಹಿ ಹೊರಟಿತು. ಮೇಲೆ ಬಾದಾಮಿ ಚೂರುಗಳಿದ್ದವು. ಅದನ್ನು ಒಯ್ಯುತ್ತಿದ್ದವಳು, ಸಂಜೆ ದೂರವಾಣಿ ಕರೆ ಬಂದಾಗ ಅಕಸ್ಮಾತ್ತಾಗಿ ಮುಂಬಾಗಿಲಿನ ಬಳಿ ಕರವಸ್ತ್ರಗಳನ್ನು ಮಡಚುತ್ತ ಕುಳಿತಿದ್ದ ವಿದ್ಯಾರ್ಥಿನಿ. ಕೇಳಿದ್ದ ಮಾತು ನೆನಪಾಗಿ, ತಟ್ಟೆ ಇಡುವ ಮುನ್ನ ಅತಿಥಿಯನ್ನು ವಿಚಾರಿಸಿದಳು. ತಟ್ಟೆಯನ್ನು ಹಿಂದಕ್ಕೆ ತಂದಳು. ‘ತಟ್ಟೆ ವಾಪಸು ತರಲು ನಿನಗೆ ಹೇಳಿದವರು ಯಾರು?’ ಎಂದು ಅಡುಗೆಮನೆಯ ಮುಖ್ಯಸ್ಥ ಎಲ್ಲರೆದುರು ಗದರಿದ. ಅವಳು ಕಾರಣ ಹೇಳಿದ ಮೇಲೆ ಸುಮ್ಮನಾದ. ಬಹುಶಃ ಆ ರಾತ್ರಿಯ ಅತ್ಯಂತ ಮುಖ್ಯವಾದ ನಿರ್ಧಾರವನ್ನು ತೆಗೆದುಕೊಂಡವಳಿಗೆ ಸಿಕ್ಕಿದ್ದು ಆ ಗದರಿಕೆ.

ಕೊನೆಯ ಅತಿಥಿ ಹೊರಟದ್ದು 10:20ಕ್ಕೆ. ಸಂಯೋಜಕಿ ಎಲ್ಲರನ್ನೂ ಮನೆಗೆ ಕಳುಹಿಸಿ, ಪಾತ್ರೆ ವಿಭಾಗದ ಇಬ್ಬರೊಂದಿಗೆ ನಡುರಾತ್ರಿಯವರೆಗೆ ಪಾತ್ರೆ ತೊಳೆದಳು.

ಮರುದಿನದ ಸಭೆಯಲ್ಲಿ ಕೇಳಿಬಂದದ್ದು

‘ಯಾರೂ ಜವಾಬ್ದಾರಿ ತೆಗೆದುಕೊಳ್ಳಲಿಲ್ಲ’ ಎಂದು ಸಂಯೋಜಕಿ ಹೇಳಿದಳು. ‘ನಮಗೆ ಯಾವುದನ್ನೂ ಹೇಳಲಿಲ್ಲ’ ಎಂದು ಬಡಿಸುವವರು ಹೇಳಿದರು. ಹೊರಗಿನವರಿಗೆ ಒಲೆಯ ಮುಂದಿನ ಕಷ್ಟ ತಿಳಿಯುವುದಿಲ್ಲ ಎಂಬುದು ಅಡುಗೆಮನೆಯ ವಾದ. ಒಳಗಿನವರು ಕೂಗುತ್ತಿರುವಾಗ ಹೊರಗೆ ಅತಿಥಿಯ ಮುಂದೆ ನಗುಮುಖ ಹೊತ್ತು ನಿಲ್ಲುವುದು ಎಂಥದೆಂದು ಒಳಗಿನವರಿಗೆ ತಿಳಿಯುವುದಿಲ್ಲ ಎಂಬುದು ಬಡಿಸುವವರ ಪ್ರತಿವಾದ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನ ಪರಿಚಾರಿಕೆಯರ ಕೆಲಸವನ್ನು ಗಮನಿಸಿ 1983ರಲ್ಲಿ ‘ಭಾವನಾತ್ಮಕ ದುಡಿಮೆ’ ಎಂದು ಹೆಸರಿಟ್ಟದ್ದು ಇದನ್ನೇ, ಮತ್ತು ಈ ದುಡಿಮೆಗೆ ತಂಡದ ಯಾವ ಪಟ್ಟಿಯಲ್ಲೂ ಲೆಕ್ಕವಿರಲಿಲ್ಲ.

ಬೋಧಕರ ಮೊದಲ ನಿರ್ಣಯ ಬೇರೆಯಾಗಿತ್ತು. ಗುಂಪು ದೊಡ್ಡದಾದಂತೆ ಒಬ್ಬೊಬ್ಬರ ಶ್ರಮ ಇಳಿಯುತ್ತದೆ ಎಂಬ ಪ್ರಸಿದ್ಧ ವಿವರಣೆಯನ್ನು ಅವರು ಮುಂದಿಟ್ಟರು. ಹಗ್ಗ ಎಳೆಯುವವರ ಸಂಖ್ಯೆ ಹೆಚ್ಚಿದಂತೆ ತಲಾ ಎಳೆತ ಕಡಿಮೆಯಾಗುವುದನ್ನು ಫ್ರಾನ್ಸಿನ ಮ್ಯಾಕ್ಸ್ ರಿಂಗಲ್‌ಮಾನ್ ತೋರಿಸಿದ್ದ. ಆ ಫಲಿತಾಂಶ 1913ರಲ್ಲಿ ಪ್ರಕಟವಾಯಿತು. 1979ರಲ್ಲಿ ಬಿಬ್ ಲತಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟುವ, ಕೂಗುವ ಪ್ರಯೋಗಗಳಲ್ಲಿ ಇದನ್ನೇ ಕಂಡು, ‘ಸಾಮಾಜಿಕ ಮೈಗಳ್ಳತನ’ ಎಂದು ಕನ್ನಡದಲ್ಲಿ ಕರೆಯಬಹುದಾದ ಹೆಸರನ್ನು ಕೊಟ್ಟರು. ಎಲ್ಲರಿಗೂ ಒಂದೇ ಅಂಕ ಇರುವ ಕಡೆ ಈ ವಿವರಣೆ ಬಹಳ ಬೇಗ ನೆನಪಿಗೆ ಬರುತ್ತದೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಕುಳಿತಿದ್ದ ಇಬ್ಬರ ಮಟ್ಟಿಗೆ ಅದು ಸರಿಯೂ ಹೌದು. ಕೈಕಟ್ಟಿ ನಿಂತ ಆರು ಮಂದಿಯ ಮಟ್ಟಿಗೆ ಅದು ತಪ್ಪು. ಅವರು ಬೆಳಿಗ್ಗೆಯಿಂದ ಮೇಜು ಹಾಸಿ, ಗಾಜು ಒರೆಸಿ ಬೆವರಿದ್ದವರು. ಆ ಹೊತ್ತಿನಲ್ಲಿ ಅವರ ಬಳಿ ಶ್ರಮಕ್ಕೆ ಕೊರತೆ ಇರಲಿಲ್ಲ, ಮಾಡಬಹುದಾದ ಕೆಲಸವೇ ಇರಲಿಲ್ಲ. ಯಾವ ತಟ್ಟೆ ಮೊದಲು ಹೋಗಬೇಕೆಂದು ನಿರ್ಧರಿಸಬಲ್ಲ ಒಬ್ಬಳೇ ವ್ಯಕ್ತಿ ಬಾಗಿಲಲ್ಲಿ ತಡವಾದುದಕ್ಕೆ ಅತಿಥಿಗಳಲ್ಲಿ ಕ್ಷಮೆ ಕೇಳುತ್ತಿದ್ದಳು. ಕಾಯುವುದನ್ನು ಸೋಮಾರಿತನವೆಂದು ಓದುವುದು ಬೋಧಕರು ಪದೇ ಪದೇ ಮಾಡುವ ತಪ್ಪು, ಈ ಲೇಖಕನೂ ಅದಕ್ಕೆ ಹೊರತಲ್ಲ.

ತಂಡ ಬರೆದುಕೊಟ್ಟ ವರದಿಯಲ್ಲಿ, ಇಂಥ ವರದಿಗಳಲ್ಲಿ ತಪ್ಪದೆ ಬರುವಂತೆ, ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ ನಾಲ್ಕು ಹಂತಗಳು ಬಂದಿದ್ದವು: ತಂಡ ರೂಪುಗೊಳ್ಳುತ್ತದೆ, ಘರ್ಷಣೆಗೆ ಒಳಗಾಗುತ್ತದೆ, ಕಟ್ಟಳೆಗಳನ್ನು ಕಂಡುಕೊಳ್ಳುತ್ತದೆ, ಆಮೇಲೆ ದಕ್ಷವಾಗಿ ದುಡಿಯುತ್ತದೆ. ‘ನಾವು ಈಗ ಎರಡನೇ ಹಂತದಲ್ಲಿದ್ದೇವೆ’ ಎಂದು ವರದಿ ಸಮಾಧಾನ ಹೇಳಿಕೊಂಡಿತ್ತು. ಸಭೆಗಳ ಟಿಪ್ಪಣಿಯನ್ನು ನೋಡಿದರೆ ಇದನ್ನು ಒಪ್ಪಲಾಗುವುದಿಲ್ಲ. ಸಿದ್ಧತೆಯ ಮೂರು ವಾರಗಳಲ್ಲಿ ಒಂದಾದರೂ ವಾದ ನಡೆದಿದ್ದರೆ, ಬಟ್ಟಲುಗಳ ಸಂಖ್ಯೆ, ಚೀಟಿಗಳ ದಾರಿ, ಅತಿಥಿಗಳನ್ನು ತಡೆಯುವ ಅಧಿಕಾರ ಆಗಲೇ ಇತ್ಯರ್ಥವಾಗುತ್ತಿದ್ದವು. ಸಭೆಯ ಕೋಣೆಯಲ್ಲಿ ನಡೆಯಬೇಕಿದ್ದ ಜಗಳ ಅತಿಥಿಗಳ ಮುಂದೆ ನಡೆಯಿತು.

ನಾಯಕತ್ವ ತಲೆಕೆಳಗಾದ ಬಗೆ

ಸಂಯೋಜಕಿಯ ವರ್ತನೆಯನ್ನು ಹೊತ್ತಿಗೆ ತಕ್ಕಂತೆ ಬಿಡಿಸಿ ನೋಡಿದರೆ ಒಂದು ವಿಚಿತ್ರ ಹೊಳೆಯುತ್ತದೆ. ಸಿದ್ಧತೆಯ ವಾರಗಳಲ್ಲಿ, ಎಲ್ಲರ ಅಭಿಪ್ರಾಯ ಕೇಳಲು ಸಮಯ ಯಥೇಚ್ಛವಾಗಿದ್ದಾಗ, ಆಕೆ ಎಲ್ಲವನ್ನೂ ಒಬ್ಬಳೇ ನಿರ್ಧರಿಸಿದಳು. ಏಳು ಮುಕ್ಕಾಲರ ಗದ್ದಲದಲ್ಲಿ, ಒಂದೇ ದನಿ ಬೇಕಾಗಿದ್ದಾಗ, ಪಾಸ್‌ನ ಬಳಿ ಬಂದು ನಿಂತು ‘ಈಗ ಏನು ಮಾಡೋಣ?’ ಎಂದು ಎಲ್ಲರನ್ನೂ ಕೇಳಿದಳು. ಐದು ಮಂದಿ ಐದು ಉತ್ತರ ಕೊಟ್ಟರು. ಆಲೋಚಿಸುವ ಹೊತ್ತಿನಲ್ಲಿ ಆಜ್ಞೆ ಇತ್ತು, ಆಜ್ಞೆಯ ಹೊತ್ತಿನಲ್ಲಿ ಆಲೋಚನೆ ಆರಂಭವಾಯಿತು.

ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ 1939ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಹುಡುಗರ ಹವ್ಯಾಸ ಗುಂಪುಗಳಿಗೆ ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ಕೈಬಿಟ್ಟು ಕೂರುವ ಬಗೆಯ ಮುಂದಾಳುಗಳನ್ನು ಕೊಟ್ಟು ಅವರು ಗಮನಿಸಿದ್ದರು. ಮುಂದಾಳು ಕೋಣೆಯಿಂದ ಹೊರಗೆ ಹೋದಾಗ ನಿರಂಕುಶ ಗುಂಪುಗಳಲ್ಲಿ ಕೆಲಸ ಕುಸಿಯಿತು. ಪ್ರಜಾಸತ್ತಾತ್ಮಕ ಗುಂಪುಗಳಲ್ಲಿ ಅದು ಬಹುಮಟ್ಟಿಗೆ ಮುಂದುವರಿಯಿತು. ನಮ್ಮ ಸಂಯೋಜಕಿ ಬಾಗಿಲಿಗೆ ಹೋದ ಹದಿನೈದು ನಿಮಿಷಗಳಲ್ಲಿ ಪಾಸ್‌ನಲ್ಲಿ ಆದದ್ದು ಮೊದಲ ಬಗೆಯದು. ಆಕೆಯ ಸ್ವಭಾವ ನಿರಂಕುಶವಾಗಿರಲಿಲ್ಲ. ಅತಿ ಸೌಮ್ಯಳೆಂದೇ ಎಲ್ಲರೂ ಒಪ್ಪುತ್ತಾರೆ. ಮೃದುವಾಗಿ ಮಾತನಾಡುತ್ತಲೇ ಎಲ್ಲ ನಿರ್ಧಾರಗಳನ್ನೂ ಒಂದು ಟಿಪ್ಪಣಿ ಪುಸ್ತಕದೊಳಗೆ ಕೂಡಿಹಾಕುವುದು ಸಾಧ್ಯ ಎಂಬುದಕ್ಕೆ ಈ ಪ್ರಕರಣ ಸಾಕ್ಷಿ.

ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮಂಡಿಸಿದ ಸನ್ನಿವೇಶಾನುಸಾರಿ ನಾಯಕತ್ವದ ಮಾದರಿಯನ್ನೂ ಇಲ್ಲಿ ಅನ್ವಯಿಸಬಹುದು. ಕೆಲಸದಲ್ಲಿ ಪಳಗಿದವರಿಗೆ ಹೊಣೆಯನ್ನೇ ಒಪ್ಪಿಸಬೇಕು, ಹೊಸಬರಿಗೆ ಬಿಡಿಸಿ ಹೇಳಬೇಕು ಎಂಬುದು ಅದರ ತಿರುಳು. ಅಡುಗೆಮನೆಯ ಎಂಟು ಮಂದಿಯಲ್ಲಿ ಐವರು ದೊಡ್ಡ ಹೋಟೆಲುಗಳಲ್ಲಿ ಔದ್ಯೋಗಿಕ ತರಬೇತಿ ಮುಗಿಸಿ ಬಂದಿದ್ದರು. ಬಡಿಸುವ ವಿಭಾಗದಲ್ಲಿ ಮೂವರು ಒಮ್ಮೆಯೂ ಭರ್ತಿಯಾದ ಸಭಾಂಗಣದಲ್ಲಿ ಕೆಲಸ ಮಾಡಿದವರಲ್ಲ. ಆ ಐವರಿಗೂ ಈ ಮೂವರಿಗೂ ಸಿಕ್ಕಿದ್ದು ಒಂದೇ ಸೂಚನಾಪತ್ರ. ಮೊದಲಿನವರಿಗೆ ಅದು ಅವಮಾನವಾಯಿತು, ಎರಡನೆಯವರಿಗೆ ಸಾಲದಾಯಿತು.

ಅಡುಗೆಮನೆಯ ವ್ಯವಸ್ಥೆಯ ಇತಿಹಾಸದಲ್ಲೇ ಇದಕ್ಕೊಂದು ಪಾಠವಿದೆ, ಆದರೆ ಅದನ್ನು ಸಾಮಾನ್ಯವಾಗಿ ತಿರುಚಿ ಕಲಿಸಲಾಗುತ್ತದೆ. 1870ರ ಫ್ರಾನ್ಸ್–ಪ್ರಶ್ಯಾ ಯುದ್ಧದಲ್ಲಿ ಫ್ರೆಂಚ್ ಸೈನ್ಯದ ಅಡುಗೆಯವನಾಗಿದ್ದ ಒಗಸ್ತ್ ಎಸ್ಕಾಫಿಯೆ, 1890ರಲ್ಲಿ ಹೋಟೆಲ್ ನಿರ್ವಾಹಕ ಸೀಜರ್ ರಿಟ್ಜ್ ಜೊತೆಗೆ ಲಂಡನ್ನಿನ ಸವಾಯ್ ಹೋಟೆಲನ್ನು ಸೇರಿ, ಅಡುಗೆಮನೆಯನ್ನು ‘ಬ್ರಿಗೇಡ್’ ಆಗಿ ಸಂಘಟಿಸಿದ. ಸೈನ್ಯದ ಹೆಸರು ಕೇಳಿದೊಡನೆ ಒಬ್ಬ ದಂಡನಾಯಕ, ಉಳಿದವರೆಲ್ಲ ಆಜ್ಞಾಪಾಲಕರು ಎಂಬ ಚಿತ್ರ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಮೂಡುತ್ತದೆ. ಆ ವ್ಯವಸ್ಥೆಯ ಶಕ್ತಿ ಇದ್ದದ್ದು ಅಧಿಕಾರದ ಹಂಚಿಕೆಯಲ್ಲಿ: ಸಾಸ್‌ಗೆ ಒಬ್ಬ, ಮೀನಿಗೆ ಒಬ್ಬ, ತರಕಾರಿಗೆ ಒಬ್ಬ ಎಂದು ಪ್ರತಿ ವಿಭಾಗಕ್ಕೂ ಅದರದೇ ಮುಖ್ಯಸ್ಥನಿದ್ದ, ತನ್ನ ಒಲೆಯ ಮಟ್ಟಿಗೆ ಅವನೇ ಯಜಮಾನ. ಬರುವ ಆರ್ಡರ್‌ಗಳನ್ನು ಗಟ್ಟಿಯಾಗಿ ಕೂಗಿ ಹೇಳುವುದಕ್ಕೆಂದೇ ಪಾಸ್‌ನಲ್ಲಿ ಒಬ್ಬನಿದ್ದ. ನಮ್ಮ ತಂಡ ದಂಡನಾಯಕನ ಚಿತ್ರವನ್ನು ಎರವಲು ಪಡೆದು, ವಿಭಾಗದ ಯಜಮಾನರನ್ನೂ ಕೂಗುವವನನ್ನೂ ಬಿಟ್ಟುಬಿಟ್ಟಿತ್ತು.

ತಿದ್ದಿಕೊಂಡದ್ದು

ಸಂಯೋಜಕಿ ತನ್ನನ್ನು ಹೊಣೆಯಿಂದ ಬಿಡಿಸಬೇಕೆಂದು ಕೇಳಿಕೊಂಡಳು. ತಂಡದ ಅರ್ಧದಷ್ಟು ಜನರಿಗೂ ಅದೇ ಬೇಕಿತ್ತು. ಬೋಧಕರು ಒಪ್ಪಲಿಲ್ಲ. ಅವರ ವಾದ ಹೀಗಿತ್ತು: ವ್ಯಕ್ತಿಯನ್ನು ಬದಲಿಸಿದರೆ ತಂಡಕ್ಕೆ ಕಾರಣ ಸಿಕ್ಕಂತಾಗುತ್ತದೆ, ವ್ಯವಸ್ಥೆ ಹಾಗೆಯೇ ಉಳಿಯುತ್ತದೆ, ಮುಂದಿನ ಸಂಯೋಜಕನ ಪುಸ್ತಕದಲ್ಲೂ 27 ಕೆಲಸಗಳು ಸೇರಿಕೊಳ್ಳುತ್ತವೆ. ಅಂಕಪಟ್ಟಿ ನೋಡಿ ಆಕೆಯನ್ನು ಆರಿಸಿದ್ದು ತಮ್ಮ ತಪ್ಪೆಂದೂ ಅವರು ತಂಡದ ಮುಂದೆಯೇ ಒಪ್ಪಿಕೊಂಡರು. ಆ ಒಂದು ಮಾತು ಸಭೆಯ ದನಿಯನ್ನು ಬದಲಿಸಿತು. ಅಲ್ಲಿಯವರೆಗೆ ಇನ್ನೊಬ್ಬರ ತಪ್ಪನ್ನೇ ಹೇಳುತ್ತಿದ್ದವರು ತಮ್ಮದನ್ನು ಹೇಳತೊಡಗಿದರು. ತಾಪಮಾನದ ಹಾಳೆಯ ವಿದ್ಯಾರ್ಥಿನಿ, 52 ಎಂದು ಬರೆದು ಸುಮ್ಮನಿದ್ದುದನ್ನು ಹೇಳಿದ್ದು ಆಗಲೇ.

ಎರಡನೇ ಔತಣಕ್ಕೆ ತಂಡ ಕೆಲಸಗಳ ಪಟ್ಟಿಯ ಬದಲು ನಿರ್ಧಾರಗಳ ಪಟ್ಟಿಯನ್ನು ಬರೆಯಿತು. ಬಟ್ಟಲು ಜೋಡಿಸುವವರು ಯಾರು ಎಂಬುದರ ಜೊತೆಗೆ, ಬಟ್ಟಲು ಸಾಲದು ಎಂದು ಸೇವೆಯನ್ನು ನಿಧಾನಗೊಳಿಸಲು ಹೇಳಬಹುದಾದವರು ಯಾರು ಎಂಬುದೂ ಬರಹಕ್ಕೆ ಇಳಿಯಿತು. ಅರ್ಧ ಗಂಟೆಗೆ 20ಕ್ಕಿಂತ ಹೆಚ್ಚು ಜನರನ್ನು ಕೂರಿಸುವುದಾದರೆ ಪಾಸ್‌ನ ಒಪ್ಪಿಗೆ ಬೇಕು, ಒಪ್ಪಿಗೆ ಇಲ್ಲದಿದ್ದರೆ ತಡೆಯುವ ಅಧಿಕಾರ ಕಾಯ್ದಿರಿಸುವಿಕೆಯ ಮೇಜಿಗೇ ಇರುತ್ತದೆ, ಸಂಯೋಜಕಿಗೂ ಅದನ್ನು ಮೀರುವಂತಿಲ್ಲ. ಪಾಸ್‌ನಲ್ಲಿ ಒಂದೇ ದನಿ. ಆ ಜಾಗಕ್ಕೆ ತಂಡ ಆರಿಸಿದ್ದು, ಎಲ್ಲರಿಗೂ ಆಶ್ಚರ್ಯವಾಗುವಂತೆ, ತಾಪಮಾನದ ಹಾಳೆಯ ಆ ಮಿತಭಾಷಿಯನ್ನು. ಆಕೆ ಬರೆದದ್ದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ ಎಂಬುದು ಆಯ್ಕೆಗೆ ಕಾರಣ. ಅಲರ್ಜಿಯ ಸೂಚನೆ ಆರ್ಡರ್ ಚೀಟಿಯ ಮೇಲೇ ಕೆಂಪು ಶಾಯಿಯಲ್ಲಿ ಬರಬೇಕು. ಕೇಳಿದವರು ಅದನ್ನು ತಿರುಗಿ ನುಡಿಯಬೇಕು, ‘ಸರಿ’ ಎಂದರೆ ಸಾಲದು. ಸಂಶಯ ಬಂದರೆ ಯಾವ ತಟ್ಟೆಯನ್ನಾದರೂ ಯಾರು ಬೇಕಾದರೂ ತಡೆಯಬಹುದು, ಕಾರಣವನ್ನು ಆಮೇಲೆ ಕೇಳಬೇಕು. ಇದರ ಜೊತೆಗೆ, ಒಂದು ಮಧ್ಯಾಹ್ನದ ಅಭ್ಯಾಸದಲ್ಲಿ ಅಡುಗೆಯವರು ಬಡಿಸಿದರು, ಬಡಿಸುವವರು ಒಲೆಯ ಮುಂದೆ ನಿಂತರು. ಊಟ ಚೆನ್ನಾಗಿರಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಆದರೆ ಮೂರು ತಟ್ಟೆ ಹೊತ್ತು ಎರಡು ಸುತ್ತು ನಡೆದ ಅಡುಗೆಮನೆಯ ಮುಖ್ಯಸ್ಥ, ಮರುದಿನ ಪಾಸ್‌ನ ಮುಂದಿನ ನೆಲಕ್ಕೆ ಜಾರದ ಹಾಸು ಬೇಕೆಂದು ತಾನೇ ಕೇಳಿ ತರಿಸಿದ.

ಅಂಕ ಕೊಡುವ ಕ್ರಮವೂ ಬದಲಾಯಿತು. ತಂಡದ ಅಂಕದ ಜೊತೆಗೆ ಪ್ರತಿಯೊಬ್ಬರ ಕೆಲಸವನ್ನು ಸಹಪಾಠಿಗಳು ಅಳೆಯುವ ಭಾಗವೊಂದನ್ನು ಸೇರಿಸಲಾಯಿತು. ಯಾರ ಕೊಡುಗೆ ಎಷ್ಟು ಎಂಬುದು ಗುರುತಿಗೆ ಸಿಗುವಂತಿದ್ದರೆ ಮೈಗಳ್ಳತನ ಇಳಿಯುತ್ತದೆ ಎಂದು ಲತಾನೆ ತಂಡದ ನಂತರದ ಪ್ರಯೋಗಗಳೇ ತೋರಿಸಿವೆ. ಆದರೆ ಈ ಕ್ರಮ ತನ್ನದೇ ಆದ ಜಗಳವನ್ನೂ ತಂದಿತು. ಬಟ್ಟೆ ಬದಲಿಸುವ ಕೋಣೆಯಲ್ಲಿದ್ದ ಇಬ್ಬರಿಗೆ ಮುಂದೆ ಕಡಿಮೆ ಅಂಕ ಬಂದಾಗ, ಗೆಳೆಯರು ಗೆಳೆಯರಿಗೇ ಹೆಚ್ಚು ಹಾಕಿಕೊಂಡಿದ್ದಾರೆ ಎಂದು ಅವರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತು. ಅಂಕಕ್ಕೆ ಜೊತೆಯಾಗಿ, ನೋಡಿದ ಒಂದು ನಿರ್ದಿಷ್ಟ ಘಟನೆಯನ್ನು ಬರೆಯದಿದ್ದರೆ ಆ ಅಂಕವನ್ನು ಪರಿಗಣಿಸುವುದಿಲ್ಲ ಎಂದು ಬೋಧಕರು ನಿಯಮ ಮಾಡಿದರು. ಇಬ್ಬರಲ್ಲಿ ಒಬ್ಬನ ಅಂಕ ಸ್ವಲ್ಪ ಏರಿತು, ಇನ್ನೊಬ್ಬನದು ಏರಲಿಲ್ಲ.

ಎರಡನೇ ಸಂಜೆ

ಎರಡನೇ ಔತಣಕ್ಕೆ 54 ಮಂದಿ ಬಂದರು. 7:25ಕ್ಕೆ ಎಂಟು ಜನರ ಒಂದು ಗುಂಪು, ತಮಗೆ ಹೇಳಿದ್ದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಂದು ಒಳಗೆ ಬಿಡಬೇಕೆಂದು ಒತ್ತಾಯಿಸಿತು. ಕಾಯ್ದಿರಿಸುವಿಕೆಯ ವಿದ್ಯಾರ್ಥಿ ಪಾಸ್‌ಗೆ ವಿಚಾರಿಸಿದ. ‘ಇಪ್ಪತ್ತು ನಿಮಿಷ’ ಎಂಬ ಉತ್ತರ ಬಂತು. ಅವನು ಅವರನ್ನು ಹೊರಗಿನ ಆಸನಗಳಲ್ಲಿ ಕೂರಿಸಿ, ಪಾನೀಯ ತರಿಸಿ, ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮರೆಮಾಚದೆ ಹೇಳಿದ. ಒಬ್ಬ ಅತಿಥಿ ದನಿ ಏರಿಸಿದರು. ಸಂಯೋಜಕಿ ಅತ್ತ ಧಾವಿಸಿದಳು. ಅಲ್ಲಿ ನಡೆದದ್ದನ್ನು ಬೋಧಕರು ದೂರದಿಂದ ನೋಡುತ್ತಿದ್ದರು: ಆಕೆಯ ಕೈ ಬಾಗಿಲಿನ ಹಿಡಿಕೆಯವರೆಗೆ ಹೋಗಿ, ಅಲ್ಲೇ ನಿಂತು, ಹಿಂದಕ್ಕೆ ಬಂತು. ‘ನಮ್ಮ ಸಹೋದ್ಯೋಗಿ ಹೇಳಿದ್ದು ಸರಿಯಾಗಿದೆ, ನಿಮಗೆ ಬಿಸಿಯಾಗಿ ಬಡಿಸಬೇಕೆಂದೇ ಕಾಯಿಸುತ್ತಿದ್ದೇವೆ’ ಎಂದು ಅತಿಥಿಗೆ ಹೇಳಿ, ಆಕೆ ಆ ವಿದ್ಯಾರ್ಥಿಯ ಪಕ್ಕದಲ್ಲಿ ನಿಂತಳು. ಮೊದಲ ಸಂಜೆ ಆಕೆ ಮಾಡಿದ ಅಷ್ಟೂ ಕೆಲಸಗಳಿಗಿಂತ ಈ ಹಿಂತೆಗೆದ ಕೈಯೇ ಹೆಚ್ಚು ಶ್ರಮದ್ದು ಎಂದು ನನ್ನ ಅಭಿಪ್ರಾಯ.

ಕೊನೆಯ ಮೇಜು 9:40ಕ್ಕೆ ಖಾಲಿಯಾಯಿತು. ಎಲ್ಲವೂ ಸುಗಮವಾಗಿತ್ತು ಎನ್ನಲಾಗದು. ಒಂದು ಮೇಜಿನ ಬಿಲ್ಲು ತಪ್ಪಿತ್ತು. ಎರಡು ತಟ್ಟೆಗಳನ್ನು ತಡೆಯಲಾಯಿತು, ಅವುಗಳಲ್ಲಿ ಒಂದನ್ನು ತಡೆಯುವ ಅಗತ್ಯವಿರಲಿಲ್ಲ. ಕುತೂಹಲದ ಸಂಗತಿಯೆಂದರೆ, ಮರುದಿನ ತಂಡ ಬರೆದ ತಪ್ಪುಗಳ ಪಟ್ಟಿ ಮೊದಲ ಸಂಜೆಯದಕ್ಕಿಂತ ಉದ್ದವಾಗಿತ್ತು. ಮೊದಲ ಸಲ ಆರು, ಈ ಸಲ ಹದಿನಾಲ್ಕು. ವಿಭಾಗದ ಹಿರಿಯರೊಬ್ಬರು ಇದನ್ನು ನೋಡಿ ತಂಡ ಹದಗೆಟ್ಟಿದೆ ಎಂದು ಚಿಂತಿಸಿದರು. ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ ಏಮಿ ಎಡ್ಮಂಡ್‌ಸನ್‌ಗೂ ಆರಂಭದಲ್ಲಿ ಇಂಥದೇ ಗೊಂದಲ ಎದುರಾಗಿತ್ತು: ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆದರದೆ ಹೇಳುತ್ತಿದ್ದರು ಎಂಬುದು ಆಕೆ ಕಂಡುಕೊಂಡ ವಿವರಣೆ. ತಂಡದ ಈ ಗುಣವನ್ನು ಆಕೆ 1999ರಲ್ಲಿ ‘ಮಾನಸಿಕ ಸುರಕ್ಷತೆ’ ಎಂಬ ಹೆಸರಿನಲ್ಲಿ ವಿವರಿಸಿದಳು. ನಮ್ಮ ಪಟ್ಟಿಯ ಹದಿನಾಲ್ಕರಲ್ಲಿ ಒಂಬತ್ತನ್ನು, ತಪ್ಪು ಮಾಡಿದವರೇ ತಮ್ಮ ಕೈಯಿಂದ ಬರೆದಿದ್ದರು.

ಮೂರನೇ ಔತಣದ ಮುನ್ನ

ಒಂದು ವಿಷಯ ಮಾತ್ರ ಎರಡನೇ ಸಂಜೆಯಲ್ಲೂ ಬದಲಾಗಿರಲಿಲ್ಲ. ಪಾತ್ರೆ ವಿಭಾಗದಲ್ಲಿ ಮತ್ತೆ ಅದೇ ಇಬ್ಬರು ನಿಂತಿದ್ದರು. ನಿರ್ಧಾರಗಳ ಪಟ್ಟಿಯಲ್ಲಿ ಸೇವೆಯನ್ನು ನಿಧಾನಗೊಳಿಸುವ ಅಧಿಕಾರ ಅವರಿಗೆ ಸಿಕ್ಕಿತ್ತು, ಅವರು ಅದನ್ನು ಒಮ್ಮೆ ಬಳಸಿಯೂ ಇದ್ದರು; ಆದರೂ ಆ ಜಾಗಕ್ಕೆ ಹೋಗಲು ಬೇರೆ ಯಾರೂ ಮುಂದಾಗಲಿಲ್ಲ. ಹೋಟೆಲಿನ ಎಲ್ಲ ವಿಭಾಗಗಳೂ ಸಮಾನ ಎಂದು ಪ್ರತಿ ತರಗತಿಯಲ್ಲೂ ಹೇಳುತ್ತೇವೆ. ನೀರು, ಉಗಿ, ಜಿಡ್ಡಿನ ನಡುವೆ ನಾಲ್ಕು ಗಂಟೆ ನಿಲ್ಲಬೇಕಾದಾಗ ಆ ಸಮಾನತೆಯ ಮಾತು ಯಾರಿಗೂ ನೆನಪಾಗುವುದಿಲ್ಲ. ಮೂರನೇ ಔತಣದ ಸಭೆಯಲ್ಲಿ ಆ ಇಬ್ಬರೂ ತಾವಿನ್ನು ಅಲ್ಲಿ ನಿಲ್ಲುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಸಂಯೋಜಕಿಯ ಬಾಯಿಗೆ ‘ಹಾಗಾದರೆ ನಾನೇ’ ಎಂಬ ಮಾತು ಬಂದೇಬಿಟ್ಟಿತ್ತು. ಬಡಿಸುವ ವಿಭಾಗದ ಮುಖ್ಯಸ್ಥೆ ಅದನ್ನು ಅರ್ಧದಲ್ಲೇ ತಡೆದು, ಸಂಯೋಜಕಿಯೂ ಸೇರಿದಂತೆ ಎಲ್ಲರ ಹೆಸರನ್ನೂ ಬರೆದು ಚೀಟಿ ಎತ್ತಬೇಕೆಂದಳು.

ಮೊದಲು ಬಂದ ಹೆಸರು ಅಡುಗೆಮನೆಯ ಮುಖ್ಯಸ್ಥನದು. ಆ ಸಂಜೆಯ ಮುಖ್ಯ ಊಟದ ಯೋಜನೆ ತನ್ನದೆಂದೂ, ತಾನು ಒಲೆಯ ಮುಂದಿಲ್ಲದಿದ್ದರೆ ಕಷ್ಟವಾದೀತೆಂದೂ ಹೇಳಿ ಅವನು ಅದಲುಬದಲು ಕೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. ತಂಡ ಅರ್ಧ ಗಂಟೆ ವಾದ ಮಾಡಿತು, ದನಿಗಳು ಏರಿದವು, ಒಬ್ಬಳು ಎದ್ದು ಹೊರಗೆ ಹೋಗಿ ಮತ್ತೆ ಬಂದಳು. ಕೊನೆಗೆ ಅದಲುಬದಲು ಬೇಡವೆಂದು ತೀರ್ಮಾನವಾಯಿತು, ಒಲೆಯ ಹೊಣೆಯನ್ನು ಅವನ ಕೈಕೆಳಗೆ ಪಳಗಿದವಳೊಬ್ಬಳು ವಹಿಸಿಕೊಂಡಳು. ಮೂರನೇ ಔತಣದ ರಾತ್ರಿ ಏಳೂವರೆಯ ಹೊತ್ತಿಗೆ, ಬಟ್ಟಲುಗಳು ಇನ್ನು ಹನ್ನೆರಡೇ ಉಳಿದಿವೆ, ಐದು ನಿಮಿಷ ತಡೆಯಿರಿ ಎಂದು ಪಾಸ್‌ಗೆ ಕೂಗಿ ಹೇಳಿದವನು ಅವನೇ. ಪಾಸ್‌ನಲ್ಲಿದ್ದ ವಿದ್ಯಾರ್ಥಿನಿ ಆ ಸಂಖ್ಯೆಯನ್ನು ತಿರುಗಿ ನುಡಿದು, ಚೀಟಿಗಳನ್ನು ಐದು ನಿಮಿಷ ಕೈಯಲ್ಲೇ ಹಿಡಿದು ನಿಂತಳು.